ಮೊಣಕೈ ಮೇಲಿನ ಮೂರು ಚುಕ್ಕೆ

ಎಂಟು ತೋಳಿನ ಪ್ರಾಣಿಯ ಹೆಸರಿಟ್ಟುಕೊಂಡ ತಂಡದಲ್ಲಿ ಆ ವರ್ಷ ಚೆಂಡೆಸೆಯಲು ಒಂದು ತೋಳೂ ನೆಟ್ಟಗಿರಲಿಲ್ಲ. ನಮ್ಮೂರಿನ ಬೇಸ್‌ಬಾಲ್ ತಂಡ ಸೆತೊ ಆಕ್ಟೋಪಸ್ ವಿಷಯ ಹೇಳುತ್ತಿದ್ದೇನೆ. ಏಪ್ರಿಲ್‌ನಲ್ಲಿ ಮೊದಲನೇ ಎಸೆತಗಾರನ ಭುಜ ಹೋಯಿತು. ಮೇ ತಿಂಗಳಲ್ಲಿ ಎರಡನೆಯವನ ಬೆನ್ನು. ಮೂರನೆಯವನು ಸೋತ ಸಿಟ್ಟಿಗೆ ಬೆಂಚಿಗೆ ಗುದ್ದಿ ಬೆರಳು ಮುರಿದುಕೊಂಡ, ಅದೂ ಎಸೆಯುವ ಕೈಯದು. ಗುದ್ದಲೇಬೇಕೆಂದರೆ ಇನ್ನೊಂದು ಕೈ ಇರಲಿಲ್ಲವೇ? ನಾಲ್ಕನೆಯವನು ಮನೆಯಲ್ಲಿ ಮಗುವನ್ನು ಎತ್ತಿಕೊಳ್ಳಲು ಬಗ್ಗಿದವನು ಮೂರು ವಾರ ಹಾಗೇ ಬಗ್ಗಿಕೊಂಡಿದ್ದ, ಆಮೇಲೂ ಚೆಂಡು ಹಿಡಿಯಲಿಲ್ಲ.

ಬ್ಯಾಟಿಂಗ್ ಕ್ರಮದ ಕತೆ ಅದಕ್ಕಿಂತ ಕಡೆ. ಮಾನೇಜರ್ ನಿಶಿವಾಕಿಗೆ ಓಡಲು ಬಾರದವನನ್ನು ಮೊದಲಿಗೆ ಇಳಿಸಿ, ಗಾಳಿಯಂತೆ ಓಡುವವನನ್ನು ಏಳನೆಯ ಜಾಗದಲ್ಲಿ ಬಚ್ಚಿಡುವ ಚಟ. ನಾಲ್ಕನೆಯದು ತಂಡದ ಬಲಭೀಮನ ಜಾಗ ತಾನೆ? ಅಲ್ಲಿ ನಿಂತವನ ಬ್ಯಾಟಿಗೆ ಜುಲೈನಿಂದೀಚೆಗೆ ಸೊಳ್ಳೆ ಬಿಟ್ಟರೆ ಏನೂ ತಗುಲಿರಲಿಲ್ಲ. ಇದನ್ನೆಲ್ಲ ನಾನು ಬೆನ್ನ ಹಿಂದೆ ಆಡಿಕೊಳ್ಳುವವಳಲ್ಲ. ಮೊದಲ ಬೇಸ್ ಕಡೆ, ಆಟಗಾರರ ಬೆಂಚಿನ ಸೂರಿಗೆ ಅಂಟಿಕೊಂಡ ಮೊದಲ ಸಾಲಿನಲ್ಲಿ ನನ್ನ ವರ್ಷದ ಸೀಟಿದೆ. ಅಲ್ಲಿಂದ ಬಗ್ಗಿದರೆ ನಿಶಿವಾಕಿಯ ನೆತ್ತಿ. ಆರು ವರ್ಷದಿಂದ ನನ್ನ ಅಭಿಪ್ರಾಯಗಳನ್ನು ನೇರವಾಗಿ ಆ ನೆತ್ತಿಯ ಮೇಲೆ ಸುರಿಯುತ್ತಿದ್ದೇನೆ. ಅವನಿಗೆ ಮುಂಚಿನ ಐವರು ಮಾನೇಜರ್‌ಗಳಿಗೂ ಇದೇ ಸೇವೆ ಮಾಡಿದ್ದೆ. ನಿಶಿವಾಕಿ ತಿರುಗಿಯೂ ನೋಡುವುದಿಲ್ಲ, ಟೋಪಿ ತೆಗೆದು ಒಮ್ಮೆ ಆಡಿಸುತ್ತಾನೆ, ಅಷ್ಟೆ. ನನ್ನ ಧ್ವನಿ ಟಿವಿಯಲ್ಲೂ ಕೇಳಿಸುತ್ತದಂತೆ. ಸ್ಟೇಡಿಯಂನಲ್ಲಿ ಎಲ್ಲರಿಗೂ ನಾನು ಒಬಾಚಾನ್, ಅಂದರೆ ದೊಡ್ಡಮ್ಮ.

ನನ್ನ ಹೆಸರು ಫುಸಾಕೊ, ವಯಸ್ಸು ಅರವತ್ನಾಲ್ಕು, ಕಸುಬು ಬೆಂಕಿ ಇಡುವುದು. ಗಾಬರಿಯಾಗಬೇಡಿ. ಮಾಚಿಪತ್ರೆಯ ಜಾತಿಯ ಯೊಮೊಗಿ ಸೊಪ್ಪನ್ನು ಒಣಗಿಸಿ ಹಿಂಜಿದ ನಾರನ್ನು ಅಕ್ಕಿಕಾಳಿನಷ್ಟು ಚಿವುಟಿ, ನೋವಿರುವ ಕಡೆ ಚರ್ಮದ ಮೇಲೆ ನಿಲ್ಲಿಸಿ, ಊದುಬತ್ತಿಯ ತುದಿಯಿಂದ ಹೊತ್ತಿಸುತ್ತೇನೆ. ಮೊದಲು ಚುರ್ ಅನ್ನುತ್ತದೆ, ಆಮೇಲೆ ಹಾಯೆನ್ನಿಸುತ್ತದೆ. ಈಗಿನವರು ಕಲೆ ಉಳಿಯದಂತೆ ನಡುವೆ ಏನೇನೋ ಅಡ್ಡ ಇಟ್ಟು ಸುಡುತ್ತಾರೆ. ನನ್ನದು ಹಳೆಯ ಕ್ರಮ, ಕಲೆ ಉಳಿದೇ ಉಳಿಯುತ್ತದೆ. ಅದೂ ಸಾಲದೆಂದು ಹನ್ನೆರಡು ವರ್ಷದ ಹಿಂದೆ ಸೀಟಿನತ್ತ ಹಾರಿಬಂದ ಚೆಂಡನ್ನು ಬರಿಗೈಯಲ್ಲಿ ಹಿಡಿಯಲು ಹೋಗಿ ಬಲಗೈ ಹೆಬ್ಬೆರಳು ಮುರಿದುಕೊಂಡೆ. ಅದು ಸೊಟ್ಟಗೇ ಕೂಡಿಕೊಂಡಿತು. ಅಂದಿನಿಂದ ನಾನು ಮೂರು ಚುಕ್ಕೆ ಇಟ್ಟರೆ ಮೂರನೆಯದು ಸಾಲು ತಪ್ಪಿ ಒಂದು ಕಾಳಿನಷ್ಟು ಹೊರಗೆ ಬೀಳುತ್ತದೆ. ಗುಣಕ್ಕೇನೂ ಕಮ್ಮಿಯಿಲ್ಲ.

ಗೊಂದೊ-ಸಾನ್ ಅದನ್ನು ನನ್ನ ಸಹಿ ಅಂತ ಕರೆಯುತ್ತಾರೆ. ಎಪ್ಪತ್ಮೂರು ವರ್ಷದ ಈ ಮನುಷ್ಯ ದ್ವೀಪಗಳ ನಡುವೆ ನಲವತ್ತು ವರ್ಷ ದೋಣಿ ನಡೆಸಿ, ಚುಕ್ಕಾಣಿ ತಿರುಗಿಸಿ ತಿರುಗಿಸಿ ಬಲ ಮೊಣಕೈ ಹಾಳುಮಾಡಿಕೊಂಡವರು. ಅವರ ಮೊಣಕೈ ಒಳಬದಿಯಲ್ಲಿ ನನ್ನ ಮೂರು ಚುಕ್ಕೆಗಳಿವೆ. ಸ್ಟೇಡಿಯಂನಲ್ಲಿ ನನ್ನ ಪಕ್ಕದ ಸೀಟು ಅವರದು, ಎಲೆಕೋಸಿನ ದಪ್ಪ ದೋಸೆ ಒಕೊನೊಮಿಯಾಕಿ ಹುಯ್ಯುವ ತೋಮೆ-ಸಾನ್‌ಳ ಅಂಗಡಿಯಲ್ಲಿ ಕಾವಲಿಯ ಮುಂದಿನ ಸ್ಟೂಲೂ ನನ್ನ ಪಕ್ಕದ್ದೇ. ಆಟದ ದಿನ ಅಂಗಡಿಯ ಹಲಗೆಯ ಮೇಲೆ ಬ್ಯಾಟಿಂಗ್ ಕ್ರಮ ಬರೆಯುವ ಕೆಲಸ ಅವರದು, ಅದನ್ನು ಒರೆಸಿ ಸರಿಯಾಗಿ ಬರೆಯುವ ಕೆಲಸ ನನ್ನದು.

ಆಗಸ್ಟ್ ಕೊನೆಯಲ್ಲಿ ಒಂದು ದಿನ ಬೆಳಿಗ್ಗೆ ಆರಕ್ಕೆ ಯಾರೋ ನನ್ನ ಹಿತ್ತಿಲ ಬಾಗಿಲು ತಟ್ಟಿದರು. ತೆಗೆದರೆ ಟೋಪಿ, ಕಪ್ಪು ಕನ್ನಡಕ, ಮುಖಕ್ಕೆ ಮಾಸ್ಕು. ಆರಡಿ ಮೂರಂಗುಲದ ಆಳು ಈ ಮೂರನ್ನೂ ಹಾಕಿಕೊಂಡರೆ ಗುರುತು ಸಿಗದೆ ಹೋಗುತ್ತದೆಯೇ? ಕುರೊಸೆ. ನಮ್ಮ ಐದನೆಯ ಎಸೆತಗಾರ, ಮುಂಚಿನ ನಾಲ್ವರೂ ಮಲಗಿದ ಮೇಲೆ ತಾನೇ ಮೊದಲನೆಯವನಾದವನು. ವಯಸ್ಸು ಮೂವತ್ಮೂರು, ವರ್ಷ ವರ್ಷಕ್ಕೆ ಹೊಸದಾಗಿ ಬರೆಯುವ ಕರಾರು. ಮೊಣಕೈ ನೋವು ಅಂದರೆ ಕ್ಲಬ್ಬಿನ ವೈದ್ಯ ಮಾನೇಜರ್‌ಗೆ ಹೇಳುತ್ತಾನೆ, ಮಾನೇಜರ್ ಬೆಂಚಿಗೆ ಕೂರಿಸುತ್ತಾನೆ, ಮುಂದಿನ ವರ್ಷ ಕರಾರು ಇರುವುದಿಲ್ಲ. ಯಾರಿಗೂ ಹೇಳಬಾರದು ಸೆನ್ಸೇ ಅಂದ, ದೊಡ್ಡ ವೈದ್ಯರನ್ನು ಕರೆಯುವ ಹಾಗೆ. ಇಲ್ಲಿ ಮಲಗಿದವರ ಮೈಯ ವಿಷಯ ಈ ಕೋಣೆ ದಾಟುವುದಿಲ್ಲ ಅಂತ ಮಾತು ಕೊಟ್ಟೆ.

ಚಾಪೆಯ ಮೇಲೆ ಬೋರಲು ಮಲಗಿಸಿ, ಉಸಿರು ಬಿಡು ಅಂದೆ, ಸ್ವಲ್ಪ ಜೋರಾಗಿ. ಅವನ ಬೆನ್ನು ಸೆಟೆದುಕೊಂಡಿತು.

"ಈ ಧ್ವನಿ ನನಗೆ ಗೊತ್ತು. ಮಾನೇಜರ್ ತಲೆ ಮೇಲೆ ಕೂತ್ಕೊಳ್ಳೋ ಒಬಾಚಾನ್ ನೀವೇ ಅಲ್ವಾ?"

ಊದುಬತ್ತಿ ಹೊತ್ತಿಸಿದೆ.

"'ನಮ್ಮಜ್ಜಿ ಸತ್ತು ಹದಿನಾಲ್ಕು ವರ್ಷ ಆಯ್ತು, ಅವಳೇ ನಿನಗಿಂತ ಜೋರಾಗಿ ಎಸೀತಾಳೆ' ಅಂದಿದ್ರಿ ನನಗೆ. ಜೂನ್ ಎಂಟನೇ ತಾರೀಖು."

"ಹದಿನೈದು ವರ್ಷ," ಅಂದೆ. "ಅಲ್ಲಾಡಬೇಡ, ಬೆಂಕಿ ಇದೆ."

ಅಂದಿನಿಂದ ವಾರಕ್ಕೆ ಎರಡು ಸಲ ಬಂದ. ಅವನು ಗೆಲ್ಲುತ್ತಾ ಹೋದ. ತಂಡವೂ ಹೇಗೋ ತೆವಳಿಕೊಂಡು ಮೇಲೆ ಬಂತು. ಬ್ಯಾಟಿಂಗ್ ಕ್ರಮ ಹಾಗೇ ಹದಗೆಟ್ಟಿತ್ತು, ಸೊಳ್ಳೆ ಹೊಡೆಯುವವನು ಸೊಳ್ಳೆಯನ್ನೇ ಹೊಡೆಯುತ್ತಿದ್ದ. ಆದರೂ ಅಕ್ಟೋಬರ್ ಮೊದಲ ವಾರ ಮುಗಿಯುವಷ್ಟರಲ್ಲಿ ನಾವು ಮತ್ತು ಉತ್ತರದ ತಂಡ ಸಮಸಮವಾಗಿದ್ದೆವು. ಉಳಿದಿದ್ದು ನಮ್ಮಿಬ್ಬರ ನಡುವಿನ ಒಂದೇ ಆಟ, ಶನಿವಾರ ಮಧ್ಯಾಹ್ನ, ನಮ್ಮ ಮೈದಾನದಲ್ಲಿ. ಗೆದ್ದರೆ ಇಪ್ಪತ್ತೊಂಬತ್ತು ವರ್ಷದ ನಂತರ ಲೀಗಿನ ಪ್ರಶಸ್ತಿ ನಮ್ಮ ಬಂದರಿನೂರಿಗೆ. ಹಿಂದಿನ ಸಲ ಗೆದ್ದಾಗ ನನಗೆ ಮೂವತ್ತೈದು, ಸೊಂಟ ಚೆನ್ನಾಗಿತ್ತು, ಖುಷಿಗೆ ಕಾಲುವೆಗೆ ಹಾರಿದ್ದೆ. ಮುಂದಿನ ಇಪ್ಪತ್ತೊಂಬತ್ತು ವರ್ಷ ಕಾಯಲು ನನ್ನಲ್ಲಿ ಅಷ್ಟು ವರ್ಷ ಇದ್ದಂತೆ ಕಾಣಲಿಲ್ಲ.

ಆಟದ ಹಿಂದಿನ ದಿನ ಕುರೊಸೆಯ ಕೈ ಮುಟ್ಟಿದೆ. ಮೊಣಕೈ ಅರ್ಧಕ್ಕಿಂತ ಮುಂದೆ ಚಾಚುತ್ತಿರಲಿಲ್ಲ. ಮೂಳೆಗೆ ಮೂಳೆ ಕಟ್ಟಿಹಿಡಿಯುವ ಒಳಬದಿಯ ನರದ ಹುರಿ ಬಿಗಿಯಾಗಿರಬೇಕು, ಅಲ್ಲಿ ನನ್ನ ಬೆರಳು ಮೆತ್ತಗೆ ಒಳಗೆ ಹೋಯಿತು. ನಲವತ್ತು ವರ್ಷ ಜನರ ಕೀಲು ಮುಟ್ಟಿದವಳಿಗೆ ಇದಕ್ಕೆ ಆಸ್ಪತ್ರೆಯ ಫೋಟೊ ಬೇಕಾಗಿಲ್ಲ. ಇನ್ನು ನೂರು ಚೆಂಡು ಎಸೆದರೆ ಅದು ಪೂರ್ತಿ ಹರಿಯುತ್ತದೆ, ಆಮೇಲೆ ಎಸೆಯುವುದು ಹಾಗಿರಲಿ, ಅನ್ನದ ಬಟ್ಟಲೆತ್ತಲೂ ನೋಯುತ್ತದೆ ಅಂದೆ. ಗೊತ್ತು ಅಂದ. ನಾಳೆ ಒಂದು ದಿನ ನೋವು ತಿಳಿಯದ ಹಾಗೆ ಮಾಡಿಕೊಡಿ, ಸಾಕು ಅಂದ.

ಆಗಲ್ಲ ಅನ್ನಬೇಕಿತ್ತು. ಅನ್ನಲಿಲ್ಲ. ಅವನು ಬಿಟ್ಟರೆ ಯಾರು ಎಸೆಯುತ್ತಾರೆ ಅಂತ ಮನಸ್ಸಿನಲ್ಲೇ ಪಟ್ಟಿ ಹಾಕಿದೆ. ಭುಜ, ಬೆನ್ನು, ಬೆರಳು, ಮತ್ತೆ ಬೆನ್ನು. ಉಳಿದವನು ಹೊಟ್ಟೆ ಕೆಟ್ಟು ವಾರದಿಂದ ಗಂಜಿ ಕುಡಿಯುತ್ತಿದ್ದ ಒಕಿತ್ಸು. ಊದುಬತ್ತಿ ಹಚ್ಚಿದೆ. ಒಂದೊಂದು ಜಾಗಕ್ಕೂ ಏಳೇಳು ಸಲ ಬೆಂಕಿ ಇಟ್ಟೆ, ಸೂಜಿಯನ್ನೂ ಚುಚ್ಚಿದೆ. ಅವನು ಕಲೆಗಳ ಮೇಲೆ ಚರ್ಮದ ಬಣ್ಣದ ಟೇಪು ಅಂಟಿಸಿಕೊಂಡು, ಸೊಂಟ ಬಗ್ಗಿಸಿ ನಮಸ್ಕಾರ ಮಾಡಿ ಹೋದ.

ಆ ಕೈಯನ್ನು ಹತ್ತಿರದಿಂದ ನೋಡುವ ಧೈರ್ಯವಿಲ್ಲದೆ ಶನಿವಾರ ಸ್ಟೇಡಿಯಂಗೆ ಹೋಗಲಾಗಲಿಲ್ಲ. ನೆಗಡಿ ಅಂತ ಸುಳ್ಳು ಹೇಳಿ ಟಿಕೆಟ್ಟನ್ನು ಪರ್ಸಿನಲ್ಲಿಟ್ಟುಕೊಂಡು ತೋಮೆ-ಸಾನ್‌ಳ ಅಂಗಡಿಯ ಮೂಲೆಯಲ್ಲಿ ಕೂತೆ. ಪಕ್ಕದಲ್ಲಿ ನನ್ನ ಬೈಗುಳವಿಲ್ಲದಿದ್ದರೆ ಆಟವೇ ರುಚಿಸುವುದಿಲ್ಲ ಅಂತ ಗೊಂದೊ-ಸಾನ್ ಕೂಡ ತಮ್ಮ ಟಿಕೆಟ್ ಜೇಬಿನಲ್ಲಿಟ್ಟುಕೊಂಡು ಅಲ್ಲೇ ಉಳಿದರು. ಪ್ರಶಸ್ತಿಯ ಆಟದ ದಿನ ಮೊದಲ ಸಾಲಿನಲ್ಲಿ ಎರಡು ಸೀಟು ಖಾಲಿ. ತೋಮೆ-ಸಾನ್ ನಮ್ಮನ್ನು ಹುಚ್ಚಾಸ್ಪತ್ರೆಗೆ ಸೇರಿಸಬೇಕು ಅಂತ ಎಲೆಕೋಸು ಹೆಚ್ಚುತ್ತಾ ಹೇಳುತ್ತಲೇ ಇದ್ದಳು.

ಕುರೊಸೆ ಅವತ್ತು ಎಸೆದ ಹಾಗೆ ಆಕ್ಟೋಪಸ್‌ನ ಯಾವನೂ ಎಸೆದದ್ದು ನಾನು ನೋಡಿಲ್ಲ. ಐದು ಇನ್ನಿಂಗ್ಸ್‌ನಲ್ಲಿ ಒಂದೇ ಹಿಟ್ ಬಿಟ್ಟುಕೊಟ್ಟ. ನಮ್ಮ ಸೊಳ್ಳೆಗಾರ ಕಣ್ಣುಮುಚ್ಚಿ ಬೀಸಿದ್ದಕ್ಕೆ ಚೆಂಡೇ ಬಂದು ತಾಗಿ ನಮಗೊಂದು ರನ್ನೂ ಬಂತು. ಅಂಗಡಿ ತುಂಬ ಕುಣಿತ. ನಾನೊಬ್ಬಳು ಪ್ರತಿ ಎಸೆತಕ್ಕೂ ಲೆಕ್ಕ ಹಾಕುತ್ತಿದ್ದೆ. ಎಪ್ಪತ್ತು. ಎಪ್ಪತ್ತೊಂದು.

ಆರನೇ ಇನ್ನಿಂಗ್ಸ್‌ನಲ್ಲಿ ಅವನು ಬೆವರು ಒರೆಸಿಕೊಂಡಾಗ ಟೇಪು ಕಿತ್ತು ನೇತಾಡಿತು. ಅವನು ಅದನ್ನು ಒತ್ತಿ ಅಂಟಿಸಿಕೊಂಡ. ಅಷ್ಟರೊಳಗೆ ಟಿವಿಯವರು ಆ ಕೈಯನ್ನು ಪರದೆ ತುಂಬ ತೋರಿಸಿದರು. ಬಿಳಿ ಚರ್ಮದ ಮೇಲೆ ಕಂದು ಬಣ್ಣದ ಮೂರು ಚುಕ್ಕೆ. ಮೂರನೆಯದು ಸಾಲು ತಪ್ಪಿ ಹೊರಗೆ.

ಗೊಂದೊ-ಸಾನ್ ಟಿವಿ ನೋಡಿದರು. ನಿಧಾನವಾಗಿ ತಮ್ಮ ತೋಳು ಮಡಚಿ ಮೊಣಕೈ ನೋಡಿಕೊಂಡರು. ಆಮೇಲೆ ನನ್ನ ಕಡೆ ನೋಡಿದರು. ತೋಮೆ-ಸಾನ್‌ಳ ಸೊಂಟದ ಮೇಲೂ ಅದೇ ಮೂರು ಚುಕ್ಕೆ, ಅವಳಿಗೂ ಅರ್ಥವಾಯಿತು. ಅರೆ, ನಮ್ಮ ಫುಸಾಕೊ-ಸಾನೇ ಕುರೊಸೆಯ ಕೈ ಕಾಯುತ್ತಿದ್ದಾಳೆ ಅಂತ ಅಂಗಡಿಯೇ ಹಾರಿಹೋಗುವ ಹಾಗೆ ಕೂಗಿದಳು. ಒಬ್ಬರು ಬಿಯರ್ ಸುರಿದರು, ಒಬ್ಬರು ನನ್ನ ಸೊಟ್ಟ ಹೆಬ್ಬೆರಳನ್ನು ಹಿಡಿದು ಹಣೆಗೆ ಒತ್ತಿಕೊಂಡರು. ಗೆದ್ದರೆ ಬಂದರಿನ ಮುಂದೆ ಆ ಬೆರಳಿನದೊಂದು ಪ್ರತಿಮೆ ನಿಲ್ಲಿಸೋಣ ಅಂತಲೂ ತೀರ್ಮಾನವಾಯಿತು. ಎಲ್ಲರೂ ನನ್ನನ್ನು ಇಷ್ಟು ಹೊಗಳಿದ್ದು ಅದೇ ಮೊದಲು, ನಾನು ಆ ಬೆರಳನ್ನು ಮಡಿಲಲ್ಲಿ ಬಚ್ಚಿಟ್ಟುಕೊಂಡೆ.

ಗೊಂದೊ-ಸಾನ್ ಮಾತ್ರ ನನ್ನ ಕಿವಿಯ ಹತ್ತಿರ ಬಗ್ಗಿದರು.

"ಎಷ್ಟು ಕೆಟ್ಟಿದೆ?"

"ಇವತ್ತು ಪೂರ್ತಿ ಎಸೆದರೆ ಇನ್ನು ಈ ಜನ್ಮದಲ್ಲಿ ಎಸೆಯಲ್ಲ."

ಅವರು ಬೈಯಲಿಲ್ಲ. ಎದ್ದು ಟೋಪಿ ಹಾಕಿಕೊಂಡರು. ಟಿಕೆಟ್ ಇದೆ ತಾನೆ ಅಂತ ಕೇಳಿದರು. ಸ್ಟೇಡಿಯಂ ಟ್ರಾಮಿನಲ್ಲಿ ಎರಡೇ ನಿಲ್ದಾಣ ಆಚೆ. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಎರಡು ಹೆಂಗಸರು ಜಗಳವಾಡಿದರು. ಮಾತು ಕೊಟ್ಟಿದ್ದೀಯ, ಬಾಯಿ ಮುಚ್ಚಿಕೊಂಡು ಕೂತರೆ ಪ್ರಶಸ್ತಿ ಬರುತ್ತದೆ ಅಂತ ಒಬ್ಬಳು. ನೀನು ಬೆಂಕಿ ಇಟ್ಟ ಕೈ ಅದು ಅಂತ ಇನ್ನೊಬ್ಬಳು. ಮೊದಲನೆಯವಳ ಧ್ವನಿಯೇ ಜೋರಾಗಿತ್ತು, ನಾಚಿಕೆಯಿಲ್ಲದೆ ಹೇಳುತ್ತೇನೆ.

ನಾವು ಸೀಟಿಗೆ ತಲುಪುವಷ್ಟರಲ್ಲಿ ಏಳನೇ ಇನ್ನಿಂಗ್ಸ್ ಮುಗಿದು ಎಂಟನೆಯದು ಶುರುವಾಗಿತ್ತು. ನಾವು ಇನ್ನೂ ಒಂದು ರನ್ ಮುಂದೆ. ಆಟಕ್ಕೆ ಒಂಬತ್ತು ಇನ್ನಿಂಗ್ಸ್, ಒಂದೊಂದಕ್ಕೆ ಮೂವರು ಔಟ್; ಅವರಲ್ಲಿ ಇನ್ನು ಆರು ಜನ ಔಟಾದರೆ ಪ್ರಶಸ್ತಿ. ಕುರೊಸೆ ಎಸೆತದ ದಿಬ್ಬ ಹತ್ತಿ ನಿಂತಿದ್ದ, ತೋಳು ಜೋತುಬಿದ್ದಿತ್ತು. ನಾನು ಸೂರಿನ ಅಂಚಿಗೆ ಬಗ್ಗಿ ಎದೆಯಲ್ಲಿದ್ದ ಗಾಳಿಯನ್ನೆಲ್ಲ ಎಳೆದುಕೊಂಡೆ.

"ನಿಶಿವಾಕಿ, ಕುರೊಸೆನ ತೆಗಿ. ಅವನ ಕೈ ಹೋಗ್ತಾ ಇದೆ."

ನಿಶಿವಾಕಿ ತಿರುಗದೆ ಟೋಪಿ ತೆಗೆದು ಒಮ್ಮೆ ಆಡಿಸಿದ. ಸುತ್ತಲಿನವರೆಲ್ಲ ಘೊಳ್ಳೆಂದು ನಕ್ಕರು. ಒಬಾಚಾನ್ ಬಂದಾಯ್ತು, ಇನ್ನು ಭಯವಿಲ್ಲ ಅಂದರು. ಮತ್ತೆ ಕೂಗಿದೆ, ಮತ್ತೆ ನಕ್ಕರು. ಅವನನ್ನು ತೆಗಿ, ಇವನನ್ನು ತೆಗಿ ಅಂತ ಆರು ವರ್ಷದಲ್ಲಿ ಇನ್ನೂರು ಸಲವಾದರೂ ಕೂಗಿದ್ದೆ, ಒಂದು ಸಲವೂ ಅದರ ಹಿಂದೆ ನನ್ನ ಸಿಡುಕು ಬಿಟ್ಟು ಬೇರೇನೂ ಇರಲಿಲ್ಲ. ಈಗ ನಿಜ ಹೇಳಿದರೆ ನನ್ನನ್ನು ನಂಬುವವರು ಆ ಮೂವತ್ತು ಸಾವಿರ ಜನರಲ್ಲಿ ಒಬ್ಬರೇ ಇದ್ದರು, ಅವರಿಗೆ ಕೂಗಿ ಅಭ್ಯಾಸವಿರಲಿಲ್ಲ.

ಗೊಂದೊ-ಸಾನ್ ಕೂಗಲಿಲ್ಲ. ಎಪ್ಪತ್ಮೂರರ ಆ ಮನುಷ್ಯ ಕಂಬಿ ದಾಟಿ ಬೆಂಚಿನ ಸೂರಿನ ಮೇಲೆ ಬೋರಲು ಬಿದ್ದು, ಅಂಗಿ ತೋಳು ಭುಜದವರೆಗೆ ಏರಿಸಿ, ತಮ್ಮ ಮುದಿ ಮೊಣಕೈಯನ್ನು ನಿಶಿವಾಕಿಯ ಮೂಗಿನ ಮುಂದೆ ಇಳಿಬಿಟ್ಟರು. ಇನ್ನೊಂದು ಕೈಯಿಂದ ಮೂರು ಚುಕ್ಕೆ ತೋರಿಸಿದರು, ಆಮೇಲೆ ದಿಬ್ಬದ ಮೇಲಿನ ಕುರೊಸೆಯನ್ನು ತೋರಿಸಿದರು. ಮತ್ತೆ ಚುಕ್ಕೆ, ಮತ್ತೆ ಕುರೊಸೆ. ಕಾವಲಿನವರು ಬಂದು ಕಾಲು ಹಿಡಿದು ಎಳೆಯುತ್ತಿದ್ದರೂ ತೋರಿಸುತ್ತಲೇ ಇದ್ದರು. ನಿಶಿವಾಕಿ ಒಂದು ಕಾಲದ ಎಸೆತಗಾರ. ಮೊಣಕೈಯ ಆ ಜಾಗಕ್ಕೆ ಯಾತಕ್ಕೆ ಬೆಂಕಿ ಇಡುತ್ತಾರೆ ಅಂತ ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅವನು ಮೊದಲ ಸಲ ತಲೆಯೆತ್ತಿ ನನ್ನನ್ನು ನೋಡಿದ. ನಾನು ತಲೆಯಾಡಿಸಿದೆ.

ನಿಶಿವಾಕಿ ಆಟ ನಿಲ್ಲಿಸಿ ದಿಬ್ಬದವರೆಗೆ ನಡೆದುಹೋದ. ಕುರೊಸೆ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ. ನಿಶಿವಾಕಿ ಅದನ್ನು ಮೆಲ್ಲಗೆ ಮುಂದಕ್ಕೆ ಎಳೆದು ಟೇಪು ಬಿಡಿಸಿದ, ಸ್ವಲ್ಪ ಹೊತ್ತು ಹಿಡಿದುಕೊಂಡೇ ನಿಂತ, ಆಮೇಲೆ ಚೆಂಡಿಗಾಗಿ ಅಂಗೈ ಚಾಚಿದ. ಕುರೊಸೆ ಇಲ್ಲ ಅಂತ ತಲೆಯಾಡಿಸಿದ. ಅಂಗೈ ಹಾಗೇ ಇತ್ತು. ಕೊನೆಗೆ ಚೆಂಡು ಕೊಟ್ಟು ಕೆಳಗಿಳಿದು ಬರುವಾಗ ಕುರೊಸೆ ಸೂರಿನ ಮೇಲೆ ನನ್ನನ್ನು ಕಂಡ. ಆ ನೋಟ ನೆನಪಿಸಿಕೊಳ್ಳಲು ನನಗೆ ಇವತ್ತಿಗೂ ಇಷ್ಟವಿಲ್ಲ.

ಗಂಜಿ ಕುಡಿದ ಒಕಿತ್ಸು ಬಂದ. ಒಂದಕ್ಕೆ ನಾಲ್ಕರಲ್ಲಿ ಸೋತೆವು. ಉತ್ತರದವರು ನಮ್ಮದೇ ಮೈದಾನದ ನಡುವೆ ಅವರ ಮಾನೇಜರ್‌ನನ್ನು ಏಳು ಸಲ ಮೇಲಕ್ಕೆ ಚಿಮ್ಮಿಸಿ ಚಿಮ್ಮಿಸಿ ಹಿಡಿದರು. ನನಗೆ ಹೊಟ್ಟೆ ಉರಿದುಹೋಯಿತು. ಸರಿಯಾದ ಕೆಲಸ ಮಾಡಿದರೆ ಮನಸ್ಸಿಗೆ ನೆಮ್ಮದಿ ಸಿಗುತ್ತದೆ ಅನ್ನುತ್ತಾರಲ್ಲ, ಹಾಗೆ ಹೇಳಿದವರು ಯಾರೋ ಬೇಸ್‌ಬಾಲ್ ನೋಡದವರಿರಬೇಕು.

ಮರುದಿನ ಬೆಳಿಗ್ಗೆ ಆರಕ್ಕೆ ಹಿತ್ತಿಲ ಬಾಗಿಲು ಸದ್ದಾಯಿತು. ಈ ಸಲ ಕನ್ನಡಕವಿರಲಿಲ್ಲ. ಒಳಗೆ ಬರಲಿಲ್ಲ, ಮೆಟ್ಟಿಲ ಮೇಲೇ ನಿಂತ.

"ಆರು ಜನ ಸಾಕಿತ್ತು ಸೆನ್ಸೇ."

"ಗೊತ್ತು."

"ಅಷ್ಟಕ್ಕೆ ಕೈ ತಡೀತಿತ್ತು."

"ಅಷ್ಟಕ್ಕೆ ಮಾತ್ರ ತಡೀತಿತ್ತು, ಆಮೇಲೆ ಇಲ್ಲ. ಅದಕ್ಕೇ ಓಡಿ ಬಂದೆ." ನಾನು ಹೊಸ್ತಿಲ ಒಳಗೆ ಮಂಡಿಯೂರಿ ಕೂತು ನೆಲಕ್ಕೆ ಹಣೆ ಹಚ್ಚಿದೆ. "ಮಾತು ಮುರಿದೆ, ಅದಕ್ಕಲ್ಲ ಕ್ಷಮೆ ಕೇಳ್ತಿರೋದು. ಶುಕ್ರವಾರ ಬೆಂಕಿ ಇಟ್ಟೆನಲ್ಲ, ಅದಕ್ಕೆ. ನನಗೆ ಗೆಲುವು ಬೇಕಿತ್ತು. ನಿನ್ನ ಕೈ ಮುಟ್ಟಿ ನೋಡಿ ಕೂಡ, ನನಗೆ ಗೆಲುವೇ ಬೇಕಿತ್ತು."

ನಾನು ತಲೆಯೆತ್ತುವಷ್ಟರಲ್ಲಿ ಅವನು ಹೋಗಿದ್ದ. ಅವತ್ತೇ ಆಸ್ಪತ್ರೆಗೆ ಹೋದ, ಹುರಿಯಲ್ಲಿ ಒಂದೆಳೆ ಉಳಿದಿತ್ತು, ಅದಕ್ಕೇ ಕಟ್ಟಿ ಹೊಲಿದರು ಅಂತ ಆಮೇಲೆ ಪತ್ರಿಕೆಯಲ್ಲಿ ಓದಿದೆ. ಕ್ಲಬ್ಬು ಸಂಬಳ ಅರ್ಧ ಮಾಡಿ ಒಂದು ವರ್ಷ ಇಟ್ಟುಕೊಂಡಿತು.

ತೋಮೆ-ಸಾನ್‌ಳ ಅಂಗಡಿಯಲ್ಲಿ ನನ್ನ ವಿಚಾರಣೆ ನಡೆಯಿತು. ಗಲ್ಲು ಅಂತ ಒಬ್ಬರು, ಸಮುದ್ರಕ್ಕೆ ತಳ್ಳೋಣ ಅಂತ ಒಬ್ಬರು. ಕೊನೆಗೆ ತೋಮೆ-ಸಾನ್ ತೀರ್ಪು ಕೊಟ್ಟಳು: ಮುಂದಿನ ಸೀಸನ್ನಿನ ಮೊದಲ ಆಟದವರೆಗೆ ಬ್ಯಾಟಿಂಗ್ ಕ್ರಮದ ಬಗ್ಗೆ ನಾನು ಒಂದಕ್ಷರವೂ ಆಡಕೂಡದು. ಗಲ್ಲೇ ವಾಸಿಯಿತ್ತು. ಚಳಿಗಾಲದಲ್ಲಿ ನಿಶಿವಾಕಿ ಸೊಳ್ಳೆಗಾರನನ್ನೇ ಮತ್ತೆ ನಾಲ್ಕನೆಯವನಾಗಿ ಹೆಸರಿಸಿದ. ನಾನು ಬಾಯಿಗೆ ಎಲೆಕೋಸು ತುರುಕಿಕೊಂಡು ಕೂತೆ.

ಮಾರ್ಚ್ ಕೊನೆಗೆ ಮೊದಲ ಆಟ. ಗೊಂದೊ-ಸಾನ್ ಮತ್ತು ನಾನು ಹೋಗಿ ಕೂತೆವು. ಎರಡನೇ ಇನ್ನಿಂಗ್ಸ್ ಹೊತ್ತಿಗೆ ನನ್ನ ಇನ್ನೊಂದು ಪಕ್ಕದ ಖಾಲಿ ಸೀಟಿಗೆ ಟೋಪಿ, ಕಪ್ಪು ಕನ್ನಡಕ, ಮಾಸ್ಕು ಬಂದು ಕೂತಿತು. ಬಲಗೈಗೆ ಪಟ್ಟಿ ಕಟ್ಟಿತ್ತು. ನಾನು ಗೊಂದೊ-ಸಾನ್ ಕಡೆ ಸರಿದು ಜಾಗ ಬಿಟ್ಟೆ. ಐದು ತಿಂಗಳು ಕೂಡಿಟ್ಟ ಅಭಿಪ್ರಾಯಗಳಲ್ಲಿ ಒಂದೂ ನೆನಪಾಗಲಿಲ್ಲ.

ಐದನೇ ಇನ್ನಿಂಗ್ಸ್‌ನಲ್ಲಿ ನಮ್ಮ ಎಸೆತಗಾರ ಇಬ್ಬರನ್ನು ಬೇಸಿಗೆ ಬಿಟ್ಟುಕೊಂಡು ಒದ್ದಾಡತೊಡಗಿದ. ನಿಶಿವಾಕಿ ಬೆಂಚಿನಿಂದ ಹೊರಗೆ ಬಂದ. ದಿಬ್ಬದತ್ತ ಹೋಗುವ ಬದಲು ತಿರುಗಿ ನಿಂತು ತಲೆಯೆತ್ತಿ ನನ್ನನ್ನೇ ನೋಡಿದ. ತೆಗೆಯಲೋ ಬೇಡವೋ ಅಂತ ಕೇಳುವ ನೋಟ. ಸುತ್ತ ಮೂರು ಸಾಲಿನವರೂ ನನ್ನತ್ತ ತಿರುಗಿದರು. ಆರು ಮಾನೇಜರ್‌ಗಳ ಕಾಲದಲ್ಲಿ ನಾನು ಬಯಸಿದ್ದು ಇದೊಂದೇ, ಈಗ ಅದು ಕೈಗೆ ಬಂದಿತ್ತು. ಎಸೆತಗಾರನ ಮೊಣಕೈ ದಿಟ್ಟಿಸಿದೆ. ಅದು ಸರಿಯಾಗೇ ಇತ್ತು, ಹುಡುಗ ಹೆದರಿದ್ದ ಅಷ್ಟೆ. ಇರಲಿ ಬಿಡು ಅಂತ ಸನ್ನೆ ಮಾಡಿದೆ. ನಿಶಿವಾಕಿ ಒಳಗೆ ಹೋದ.

ಮುಂದಿನ ಚೆಂಡೇ ಬೇಲಿಯಾಚೆ, ಹೋಮ್ ರನ್. ಮೂರು ರನ್ ಒಟ್ಟಿಗೆ ಹೋದವು.

ಹಿಂದಿನ ಮೂರು ಸಾಲಿನವರು ನನ್ನನ್ನು ಬೈದ ಬೈಗುಳವೆಲ್ಲ ನನ್ನವೇ, ಒಂದೊಂದೂ ನಾನೇ ಈ ಸೀಟಿನಲ್ಲಿ ಕೂತು ಹುಟ್ಟಿಸಿದವು. ತಲೆ ಬಗ್ಗಿಸಿ ಕೂತೆ. ಆಗ ಪಕ್ಕದ ಮಾಸ್ಕಿನೊಳಗಿಂದ ನಗು ಕೇಳಿಸಿತು.

"ನಿಮ್ಮಜ್ಜಿನ ಕರೆಸಿ ಸೆನ್ಸೇ. ಈಗ ಹದಿನಾರು ವರ್ಷ ಆಗಿರಬೇಕು."

ಹಾಗಂದು ನನ್ನ ಮುಂದಿನಿಂದ ಕೈ ಚಾಚಿ ಗೊಂದೊ-ಸಾನ್ ಮಡಿಲಲ್ಲಿದ್ದ ಡಬ್ಬಿಯಿಂದ ಒಂದು ಬೇಯಿಸಿದ ಸೋಯಾ ಕಾಯಿ ಎತ್ತಿಕೊಂಡ. ಬಲಗೈ. ಮೊಣಕೈ ಎಲ್ಲೂ ತಡೆಯದೆ ಪೂರ್ತಿ ನೆಟ್ಟಗಾಯಿತು, ಮತ್ತೆ ಮಡಚಿತು. ಹುಬ್ಬು ಗಂಟಿಕ್ಕಲಿಲ್ಲ. ಕಾಯಿ ಸುಲಿದು ಬಾಯಿಗೆ ಹಾಕಿಕೊಂಡ.

ನಿಶಿವಾಕಿ ಮತ್ತೆ ಹೊರಗೆ ಬಂದು ನನ್ನ ಕಡೆ ನೋಡುತ್ತಿದ್ದಾನೆ ಅಂತ ಗೊಂದೊ-ಸಾನ್ ತಿವಿದರು. ನೋಡಲಿ ಬಿಡಿ ಅಂದೆ. ಡಬ್ಬಿಯನ್ನು ಅವರ ಮಡಿಲಿನಿಂದ ತೆಗೆದು, ಕುರೊಸೆಯಿಂದ ಇನ್ನೂ ಒಂದು ಗೇಣು ದೂರಕ್ಕೆ ಸರಿಸಿ ಹಿಡಿದೆ.

"ಇನ್ನೊಂದು ತಗೋ," ಅಂದೆ ಕುರೊಸೆಗೆ.